ಕೆಚ್ಚುವವಳ ಮಗಳು ಬರೆದ ಮೂರು ಸಾಲು

ಕನ್ನಡಕ ಹುಡುಕುತ್ತಿದ್ದೆ. ನಿವೃತ್ತನಾದ ಮೇಲೆ ನನ್ನ ಅರ್ಧ ದಿನ ಕನ್ನಡಕ ಹುಡುಕುವುದರಲ್ಲಿ ಹೋಗುತ್ತದೆ, ಇನ್ನರ್ಧ ದಿನ ಅದನ್ನು ಕಳೆದದ್ದಕ್ಕೆ ಹೆಂಡತಿಯ ಹತ್ತಿರ ಬೈಸಿಕೊಳ್ಳುವುದರಲ್ಲಿ. ಮಹಡಿ ಕೋಣೆಯ ಹಳೇ ಮೇಜಿನ ಖಾನೆ ಬಿಗಿದುಕೊಂಡಿತ್ತು. ಜೋರಾಗಿ ಎಳೆದೆ ನೋಡಿ, ಖಾನೆಗೆ ಖಾನೆಯೇ ಕಳಚಿ ಕೈಗೆ ಬಂತು. ಒಳಗಿದ್ದ ಒಂದು ಪುಟ್ಟ ತಗಡಿನ ಡಬ್ಬಿ ಎಗರಿ ಬಿದ್ದು, ಮುಚ್ಚಳ ತೆರೆದುಕೊಂಡು, ಅದರಲ್ಲಿದ್ದ ಬೂದಿಯೆಲ್ಲ ಮೇಜಿನ ಮೇಲೆ ಹರಡಿದ್ದ ನನ್ನ ಭಾಷಣದ ಹಾಳೆಗಳ ಮೇಲೆ ಚೆಲ್ಲಿತು.

ಪೂಜೆಯ ವಿಭೂತಿಯಲ್ಲ, ಒಲೆಯ ಬೂದಿ. ಬಟ್ಟೆಯಲ್ಲಿ ಸೋಸಿ ನುಣ್ಣಗೆ ಮಾಡಿದ್ದು. ಬೆರಳಿಗೆ ಹತ್ತಿಸಿಕೊಂಡು ಮೂಸಿದೆ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಮಂಜುಳ ಇದೇ ಮೇಜಿನ ಮುಂದೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಪರದೇಶದವರ ಜೊತೆ ಮಾತಾಡುತ್ತಿದ್ದ ಮಧ್ಯಾಹ್ನಗಳೆಲ್ಲ ಒಟ್ಟಿಗೇ ಎದ್ದು ಬಂದವು.

ಭಾಷಣದ ಸಂಗತಿ ಹೇಳಿಬಿಡುತ್ತೇನೆ. ಬರುವ ಶನಿವಾರ ಹನೂರಿನ ಒಂದು ಕಾಲೇಜಿನಲ್ಲಿ ಮಂಜುಳಳಿಗೆ ಸನ್ಮಾನ. ನಮ್ಮ ಕೊಳ್ಳೇಗಾಲದ ಹುಡುಗಿ, ಈಗ ನಾಲ್ಕಾರು ದೇಶದ ಕಂಪನಿಗಳಿಗೆ ವ್ಯವಹಾರದ ಸಾಫ್ಟ್‌ವೇರ್ ಕೂಡಿಸಿಕೊಡುವ ಕನ್ಸಲ್ಟೆಂಟು. ಅವಳಿಗೆ ಇಂಗ್ಲಿಷ್ ಕಲಿಸಿದ ಮೇಷ್ಟರು ಎಂದು ನನ್ನನ್ನೂ ಕರೆದಿದ್ದಾರೆ. ಹತ್ತು ನಿಮಿಷ ಮಾತಾಡಬೇಕಂತೆ. "ಸಾ, ಆ ಪತ್ರದ ಕಥೆ ಮಾತ್ರ ಏಳ್ಲೇಬೇಕು," ಎಂದು ಕಾಲೇಜಿನಿಂದ ಬಂದ ಹುಡುಗರು ಒತ್ತಾಯ ಮಾಡಿ ಹೋದರು.

ಆ ಪತ್ರದ ಕಥೆ ನಿಮಗೆ ಗೊತ್ತಿಲ್ಲವೇ? ಹಾಗಾದರೆ ನಿಮಗೆ ಕೊಳ್ಳೇಗಾಲದಲ್ಲಿ ನೆಂಟರಿಲ್ಲ ಎಂದಾಯಿತು. ಮಂಜುಳಳ ಕೆಲಸ ಇನ್ನೇನು ಕೈಬಿಟ್ಟಿತು ಎನ್ನುವಾಗ ಪೋರ್ಚುಗಲ್ಲಿಗೆ ಒಂದು ಪತ್ರ ಹೋಯಿತು, ಅದನ್ನು ಓದಿ ಅಲ್ಲಿಯ ಸಾಹುಕಾರರು ಕರಗಿಹೋದರು, ಆ ಪತ್ರ ಬರೆದದ್ದು ಇಂಥ ಮೇಷ್ಟರು. ಹೀಗೆಂದು ಮದುವೆ ಮನೆಗಳಲ್ಲಿ, ಪೆನ್ಷನ್‌ದಾರರ ಸಭೆಯಲ್ಲಿ, ಬೆಟ್ಟದ ಬಸ್ಸಿನಲ್ಲಿ ಪಕ್ಕದ ಸೀಟಿನವರ ಹತ್ತಿರ, ಎಲ್ಲ ಕಡೆ ಹೇಳಿಯಾಗಿದೆ. ಹೇಳಿದವರು ಯಾರು ಎಂದು ಕೇಳಬೇಡಿ, ಆಮೇಲೆ ಹೇಳುತ್ತೇನೆ.

ಮೊದಲು ಡಬ್ಬಿ. ಅದು ಮಂಜುಳಳ ತಾಯಿ ಗೌರಮ್ಮನದು. ಗೌರಮ್ಮ ನೇಕಾರರ ಬೀದಿಯಲ್ಲಿ ಹಾಸು ಕೆಚ್ಚುವ ಹೆಂಗಸು. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ರೇಷ್ಮೆ ಎಳೆಗಳು ನೇಯುತ್ತ ನೇಯುತ್ತ ಮುಗಿಯುತ್ತ ಬರುತ್ತವಲ್ಲ, ಆಗ ಆ ಹಳೇ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದಕ್ಕೊಂದು ಹೊಸೆದು ಸೇರಿಸಬೇಕು. ಅದೇ ಕೆಚ್ಚುವುದು. ಸಾವಿರಾರು ಎಳೆ, ಕೂದಲಿಗಿಂತ ಸಣ್ಣ. ರೇಷ್ಮೆ ಜಾರಬಾರದು ಎಂದು ಬೆರಳಿಗೆ ಆಗಾಗ ಬೂದಿ ಮುಟ್ಟಿಸಿಕೊಳ್ಳಬೇಕು. ಗೌರಮ್ಮನ ಮನೆಯಲ್ಲಿ ಮಗ್ಗ ಇರಲಿಲ್ಲ. ಬೀದಿಯಲ್ಲಿ ಯಾರ ಮನೆಯ ಹಾಸು ಮುಗಿದರೂ ಕರೆ ಬರುತ್ತಿತ್ತು. ಬೂದಿ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗಳ ಕೈ ಹಿಡಿದುಕೊಂಡು ಹೋಗುತ್ತಿದ್ದಳು.

ಒಂದು ದಿನ ಬೆಳಗ್ಗೆ ಆ ಮಗಳನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದಳು. ನಾನಾಗ ಕೌದಳ್ಳಿ, ಅಜ್ಜೀಪುರ ಎಂದು ಸುತ್ತಿ ಸುತ್ತಿ ಕೊನೆಗೂ ಕೊಳ್ಳೇಗಾಲಕ್ಕೆ ವರ್ಗ ಮಾಡಿಸಿಕೊಂಡು ಬಂದಿದ್ದೆ. ಮಂಜುಳ ಡಿಗ್ರಿ ಮುಗಿಸಿ ಯಳಂದೂರಿನ ಕಡೆಯ ಒಂದು ರೇಷ್ಮೆ ನೂಲಿನ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದ್ದಳು.

"ಮೇಷ್ಟ್ರೇ, ನನ್ ಮಗ್ಳಿಗೆ ಇಂಗ್ಲೀಸ್ ಮಾತಾಡದ್ ಏಳ್ಕೊಡಿ," ಎಂದಳು ಗೌರಮ್ಮ. "ಇವ್ಳು ಏನ್ ಏಳಿದ್ರೂ ಯಾಕೆ ಅಂತ ಕೇಳ್ತಳೆ. ಬೈಬ್ಯಾಡಿ."

ಬೈಯದೆ ಇರುವುದುಂಟೇ? ದಿನಾ ಬೆಳಗ್ಗೆ ಆರೂವರೆಗೆ ಬರುತ್ತಿದ್ದಳು, ಏಳೂವರೆಯ ಯಳಂದೂರಿನ ಬಸ್ಸಿಗೆ ಓಡುತ್ತಿದ್ದಳು. ನಾನು ಅವಳಿಗೆ ಕಲಿಸಲು ಹೊರಟದ್ದು ಅಲಂಕಾರದ ಇಂಗ್ಲಿಷು, ದೊಡ್ಡ ಮನುಷ್ಯರು ಸಭೆಯಲ್ಲಿ ಆಡುವಂಥದು. ಅವಳಿಗೆ ಬೇಕಾಗಿದ್ದದ್ದು, ಕೆಟ್ಟ ಯಂತ್ರ ಎಲ್ಲಿ ಕೆಟ್ಟಿದೆ ಎಂದು ಹೇಳಲು ಸಾಕಾಗುವಷ್ಟು ಇಂಗ್ಲಿಷು. "ಇಷ್ಟುದ್ದ ಯಾಕೆ ಸಾ? ತುಂಡು ಮಾಡಿ ಏಳಿದ್ರೆ ಅರ್ಥ ಆಗಲ್ವಾ?" ಎಂದು ಕೇಳುತ್ತಿದ್ದಳು. ನನಗೆ ಮೈಯೆಲ್ಲ ಉರಿದು ಹೋಗುತ್ತಿತ್ತು.

ಯಳಂದೂರಿನ ಆ ಕಾರ್ಖಾನೆಗೆ ಆಗಲೇ ಕಂಪ್ಯೂಟರಿನ ಹೊಸ ವ್ಯವಸ್ಥೆ ಬಂತು. ಮಾಲು ಕೊಂಡದ್ದು, ಸ್ಟೋರಿನಲ್ಲಿ ಇಟ್ಟದ್ದು, ತಯಾರಾದದ್ದು, ಮಾರಿದ್ದು, ಎಲ್ಲವೂ ಒಂದೇ ಸಾಫ್ಟ್‌ವೇರಿನಲ್ಲಿ ಕಾಣಬೇಕು, ಅಂಥ ಏರ್ಪಾಡು. ಕೂಡಿಸಲು ದೊಡ್ಡ ಊರಿನಿಂದ ಕನ್ಸಲ್ಟೆಂಟರು ಬಂದರು. ಮಂಜುಳ ಈ ಮಾತು ಹೇಳಿದಾಗ ನಾನು, "ಯಾರಿಗೆ ಹುಷಾರಿಲ್ಲ?" ಎಂದಿದ್ದೆ. ಆಸ್ಪತ್ರೆಯ ಬೋರ್ಡಿನ ಮೇಲೆ ಬಿಟ್ಟರೆ ಆ ಹೆಸರನ್ನು ನಾನು ಬೇರೆಲ್ಲೂ ಓದಿರಲಿಲ್ಲ.

ಅವರು ಇಸ್ತ್ರಿ ಅಂಗಿ ತೊಟ್ಟವರು, ಸ್ಟೋರಿನ ಒಳಗೆ ಕಾಲಿಟ್ಟವರಲ್ಲ. ತಿಂಗಳು ಕಳೆಯುವುದರೊಳಗೆ ಪರದೆಯ ಮೇಲಿನ ನೂಲಿನ ಕಟ್ಟಿಗೂ ರ್‍ಯಾಕಿನಲ್ಲಿದ್ದ ಕಟ್ಟಿಗೂ ತಾಳೆಯಾಗದೆ ಹೋಯಿತು. ಸ್ಟೋರಿನ ಹುಡುಗಿ ತಪ್ಪು ತುಂಬಿದ್ದಾಳೆ ಎಂದು ಅವರು ಒಂದು ಸೊಗಸಾದ ವರದಿ ಬರೆದುಕೊಟ್ಟರು. ಇವಳನ್ನು ಒಂದು ಮಾತೂ ಕೇಳಲಿಲ್ಲ. ಮಂಜುಳಳನ್ನು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸಿ ವೇಸ್ಟ್ ನೂಲು ಬಿಡಿಸಲು ಕೂರಿಸಿದರು. ಮೂರು ತಿಂಗಳು ಕೂತಳು. ಬೆಳಗ್ಗೆ ಬಂದು ನನ್ನ ಮನೆಯ ಜಗಲಿಯ ಮೇಲೆ ಆ ಸಾಫ್ಟ್‌ವೇರಿನ ದಪ್ಪ ಪುಸ್ತಕ ಇಟ್ಟುಕೊಂಡು ಓದುತ್ತಿದ್ದಳು. ತಿಳಿಯದ ಪದ ಬಂದರೆ ನನ್ನನ್ನು ಕೇಳುತ್ತಿದ್ದಳು, ನನಗೂ ತಿಳಿಯುತ್ತಿರಲಿಲ್ಲ. ಕೊನೆಗೆ ತಪ್ಪು ಎಲ್ಲಿದೆ ಎಂದು ಕಂಡುಹಿಡಿದವಳು ಅವಳೇ. ತೂಕದ ಅಳತೆಯನ್ನು ಆ ಮಹಾಶಯರು ಒಂದು ಕಡೆ ಕಿಲೋದಲ್ಲಿಯೂ ಇನ್ನೊಂದು ಕಡೆ ಕಟ್ಟಿನಲ್ಲಿಯೂ ಕೂಡಿಸಿಟ್ಟಿದ್ದರು. ಸರಿ ಮಾಡಿದರು. ಇವಳ ಹತ್ತಿರ ಬಂದು ತಪ್ಪಾಯಿತು ಎಂದು ಮಾತ್ರ ಯಾರೂ ಹೇಳಲಿಲ್ಲ.

ನಾನಾಗಿದ್ದರೆ ಆ ಸಾಫ್ಟ್‌ವೇರಿನ ಮುಖ ಇನ್ನೊಮ್ಮೆ ನೋಡುತ್ತಿರಲಿಲ್ಲ. ಇವಳು ಅದರ ಪರೀಕ್ಷೆಗೇ ಕಟ್ಟಿದಳು. ಎರಡು ಸಲ ಡುಮ್ಕಿ. ಎರಡನೆಯ ಸಲ ಫಲಿತಾಂಶ ಬಂದ ದಿನ ನನ್ನ ಹೆಂಡತಿ ಸರೋಜ ಅವಳಿಗೆಂದೇ ಪಾಯಸ ಮಾಡಿದ್ದಳು, ಪಾಸಾಗುತ್ತಾಳೆಂಬ ಧೈರ್ಯದಿಂದ. "ಪೇಲಾದ್ರೂ ಪಾಯ್ಸ ಕುಡೀಬೋದಲ್ವಾ ಅಮ್ಮಾ?" ಎಂದು ಎರಡು ಲೋಟ ಕುಡಿದು ಹೋದಳು. ಮೂರನೆಯ ಸಲ ಪಾಸಾದಳು. ಬೆಂಗಳೂರಿನ ಒಂದು ಸಣ್ಣ ಕಂಪನಿ ಕೆಲಸ ಕೊಟ್ಟಿತು. ಬೇರೆ ಬೇರೆ ಊರಿನ ಕಾರ್ಖಾನೆಗಳಿಂದ ಬರುವ ದೂರುಗಳನ್ನು ಫೋನಿನಲ್ಲಿ ಕೇಳಿ ಬಗೆಹರಿಸುವುದು. ಫೋನಿನಲ್ಲಿ ಮಾಡುವ ಕೆಲಸವನ್ನು ಕೊಳ್ಳೇಗಾಲದಲ್ಲಿ ಕೂತೇ ಮಾಡುತ್ತೇನೆ ಎಂದು ಇವಳು ಹಟ ಹಿಡಿದಳು, ಅವರು ಆಗಲಿ ಎಂದರು. ಆದರೆ ನೇಕಾರರ ಬೀದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸದ್ದು. ಆ ಕಡೆಯವರು, "ನೀವು ರೈಲಿನಲ್ಲಿದ್ದೀರಾ?" ಎಂದು ಕೇಳುತ್ತಿದ್ದರಂತೆ. ಹೀಗಾಗಿ ನಮ್ಮ ಮಹಡಿ ಕೋಣೆಗೆ ಬಂದಳು. ಒಂದು ಮೇಜು, ಒಂದು ಕುರ್ಚಿ, ಅವ್ವ ಕೊಟ್ಟ ಬೂದಿ ಡಬ್ಬಿ. ಡಬ್ಬಿ ಯಾಕೆ ಎಂದರೆ, "ಬೇಸಗೇಲಿ ಬೆರಳು ಬೆವರ್ತದೆ ಸಾ, ಕೀಬೋರ್ಡ್ ಜಾರ್ತದೆ," ಎಂದಳು. ನಾನು ನಂಬಿರಲಿಲ್ಲ, ಈಗಲೂ ಪೂರ್ತಿ ನಂಬಿಲ್ಲ.

ಕೆಲಸಕ್ಕೆ ಸೇರಿ ಒಂದೊಂದೇ ಮೆಟ್ಟಿಲು ಹತ್ತಿದಳು. ದೂರು ಕೇಳುವವಳು ಸಾಫ್ಟ್‌ವೇರ್ ಕೂಡಿಸುವ ತಂಡಕ್ಕೆ ಬಂದಳು. ಈ ದೇಶದ ಕಂಪನಿಗಳಾದ ಮೇಲೆ ಪರದೇಶದ ಕಂಪನಿಗಳ ಕೆಲಸವೂ ಬಂತು. ಆ ಹೊತ್ತಿಗೆ ನಿವೃತ್ತನಾಗಿ ಮನೆಯಲ್ಲಿದ್ದ ನಾನು ಕೆಳಗಿನಿಂದ ಕಿವಿಗೊಟ್ಟು ಕೇಳುತ್ತಿದ್ದೆ, ನನ್ನ ಇಂಗ್ಲಿಷಿಗೆ ಮರ್ಯಾದೆ ಬರುತ್ತಿದೆಯೋ ಇಲ್ಲವೋ ಎಂದು. ಅಯ್ಯೋ, ಅವಳು ದೊಡ್ಡ ದೊಡ್ಡವರ ಹತ್ತಿರ ಸಲೀಸಾಗಿ, "ಇದು ನನಗೆ ಗೊತ್ತಿಲ್ಲ, ತೋರಿಸಿಕೊಡಿ," ಎಂದುಬಿಡುತ್ತಿದ್ದಳು! ನಾನು ಮೆಟ್ಟಿಲು ಹತ್ತಿ ಹೋಗಿ ತಡೆದೆ. ಹಾಗೆಲ್ಲ ಅನ್ನಬಾರದು ಕಣಮ್ಮ, ಪರಿಶೀಲಿಸಿ ತಿಳಿಸುತ್ತೇನೆ ಅನ್ನಬೇಕು ಎಂದೆ.

"ಗೊತ್ತಿಲ್ಲ ಅಂದ್ರೆ ಅವ್ರೇ ಏಳ್ಕೊಡ್ತರೆ ಸಾ. ಗೊತ್ತು ಅಂದ್ಬುಟ್ರೆ ಆಮೇಕೆ ಯಾರ್ ಏಳ್ಕೊಡ್ತರೆ?" ಎಂದಳು. ಮೂವತ್ತು ವರ್ಷ ಪಾಠ ಹೇಳಿದವನು ಹಾಗೇ ಮೆಟ್ಟಿಲಿಳಿದು ಬಂದೆ.

ಪೋರ್ಚುಗಲ್ಲಿನ ಚರ್ಮದ ಶೂ ಮಾಡುವ ಒಂದು ಕಂಪನಿಯ ಕೆಲಸ ಬಂದಾಗ ಮಂಜುಳಳನ್ನು ಮೊದಲ ಸಲ ತಂಡದ ಮುಖ್ಯಸ್ಥೆಯಾಗಿ ಮಾಡಿದರು. ಇದು ಗೆದ್ದರೆ ಮುಂದೆ ದಾರಿ, ಸೋತರೆ ಮತ್ತೆ ದೂರು ಕೇಳುವ ಫೋನು. ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ನಮ್ಮ ಮಧ್ಯಾಹ್ನ ಅಲ್ಲಿ ಬೆಳಗ್ಗೆ. ಊಟದ ಹೊತ್ತಿಗೆ ಸರಿಯಾಗಿ ಕರೆ ಶುರುವಾಗುತ್ತಿತ್ತು. ಗೌರಮ್ಮ ಮುದ್ದೆ ಸಾರಿನ ಡಬ್ಬಿ ತಂದು ಬಾಗಿಲ ಬಳಿ ಕೂತು ಕಾಯುತ್ತಿದ್ದಳು. ಆ ಕಂಪನಿಯ ದೊಡ್ಡವರ ಹತ್ತಿರಕ್ಕಿಂತ ಹೆಚ್ಚಾಗಿ ಮಂಜುಳ ಮಾತಾಡುತ್ತಿದ್ದದ್ದು ಅಲ್ಲಿಯ ಸ್ಟೋರ್ ನೋಡಿಕೊಳ್ಳುವ ತೆರೇಸಾ ಎಂಬ ವಯಸ್ಸಾದ ಹೆಂಗಸಿನ ಹತ್ತಿರ. ತೆರೇಸಾ ಒಂದು ಹಳೇ ನೋಟ್‌ಪುಸ್ತಕವನ್ನು ಕ್ಯಾಮೆರಾದ ಮುಂದೆ ಹಿಡಿದು ಪುಟ ತಿರುಗಿಸುವುದು, ಇವಳು ಇಲ್ಲಿ ಬರೆದುಕೊಳ್ಳುವುದು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ. ನಗು ಮಾತ್ರ ಕೆಳಗಿನವರೆಗೆ ಕೇಳುತ್ತಿತ್ತು.

ಅಲ್ಲಿ ಪ್ರತಿಯೊಂದು ಚರ್ಮಕ್ಕೂ ಹಿಂದಿನಿಂದ ಬಂದ ಒಂದು ಹೆಸರಿತ್ತು. ಹೊಸ ಸಾಫ್ಟ್‌ವೇರಿನಲ್ಲಿ ಪ್ರತಿಯೊಂದಕ್ಕೂ ಹೊಸ ಹೆಸರು ಕೊಡಬೇಕು. ಮಂಜುಳ ಹಳೇ ಹೆಸರು ಯಾವುದನ್ನೂ ಬಿಡದೆ, ಒಂದೊಂದಕ್ಕೂ ಅದರ ಹೊಸ ಹೆಸರನ್ನು ಜೋಡಿಸಿದಳು. ತಿಂಗಳುಗಟ್ಟಲೆ ಕೆಲಸ. "ಅವ್ವ ಕೆಚ್ಚಲ್ವಾ ಸಾ, ಅಂಗೇ. ಒಂದೆಳೆ ಬುಟ್ರೂ ಬಟ್ಟೇಲಿ ಗೆರೆ ಬೀಳ್ತದೆ," ಎನ್ನುತ್ತಿದ್ದಳು. ನಾನು ಕಣ್ಣಾರೆ ನೋಡಿದೆ, ಅವಳ ಬೆನ್ನು ಗೌರಮ್ಮನ ಬೆನ್ನಿನ ಹಾಗೆಯೇ ಬಾಗಿರುತ್ತಿತ್ತು. ಇಂಥ ಕಸುಬುದಾರಿಕೆಯನ್ನು ನಾನು ಸರ್ಕಾರಿ ಕೆಲಸದಲ್ಲಿ ಒಂದು ದಿನವೂ ಮಾಡಲಿಲ್ಲ, ನಾಚಿಕೆಯಿಲ್ಲದೆ ಹೇಳುತ್ತೇನೆ.

ನಿಜವಾಗಿ ಶುರುಮಾಡುವ ಮೊದಲು ಒಂದು ವಾರ ಪ್ರಯೋಗ ನಡೆಸಿ ನೋಡುವುದು ಪದ್ಧತಿ. ನಡೆಸಿದರು. ವಾರದ ಕೊನೆಗೆ ನೋಡಿದರೆ, ಸ್ಟೋರಿನಲ್ಲಿ ಇರುವ ಚರ್ಮಕ್ಕಿಂತ ಪರದೆಯ ಮೇಲಿನ ಚರ್ಮ ದುಪ್ಪಟ್ಟು! ಬೆಂಗಳೂರಿನಿಂದ ಮ್ಯಾನೇಜರು ಫೋನ್ ಮಾಡಿದ. ಸ್ಟೋರಿನವರು ತಪ್ಪು ತುಂಬಿದ್ದಾರೆ ಎಂದು ಒಂದು ಪತ್ರ ಹಾಕಿಬಿಡು, ನಾಳೆಯೊಳಗೆ ಹೋಗಬೇಕು, ನಮ್ಮ ಮೇಲೆ ಬರಬಾರದು ಎಂದ.

ಮಂಜುಳ ಕೆಳಗೆ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ. "ಸಾ, ನಂಗೆ ತಲೆ ಓಡ್ತಿಲ್ಲ. ಮ್ಯಾನೇಜರ್ ಇಂಗ್ ಏಳ್ತಾವ್ರೆ. ನೀವು ಒಂದು ಬರ್ದು ಕೊಡಿ. ನಾನು ಎಲ್ಲಿ ಎಡವ್ತು ಅಂತ ನೋಡ್ತೀನಿ," ಎಂದಳು.

ಅಗೋ, ಇಷ್ಟು ವರ್ಷಕ್ಕೆ ನನ್ನ ಅಲಂಕಾರದ ಇಂಗ್ಲಿಷಿಗೆ ಕಾಲ ಬಂತು! ಡಿಕ್ಷನರಿ ತೆಗೆದೆ, ಪೆನ್ನು ತೊಳೆದೆ, ಸರೋಜಳಿಗೆ ಕಾಫಿ ಮಾಡಲು ಹೇಳಿದೆ. ಎರಡು ಗಂಟೆ ಕೂತು ಒಂದು ಪುಟ ಬರೆದೆ. ಉಗ್ರಾಣದ ಮಾಹಿತಿಯಲ್ಲಿ ಕೆಲವು ವ್ಯತ್ಯಾಸಗಳು ಗಮನಕ್ಕೆ ಬಂದಿರುವುದಾಗಿಯೂ, ಅವುಗಳ ಮೂಲದ ಬಗ್ಗೆ ಸಂಬಂಧಪಟ್ಟವರು ಗಮನ ಹರಿಸುವುದು ಉಚಿತವೆಂದೂ. ಯಾರು ಮಾಡಿದರು ಎಂಬ ಮಾತು ಎಲ್ಲೂ ಇಲ್ಲ, ಆದರೆ ಓದಿದವರೆಲ್ಲ ತೆರೇಸಾಳ ಕಡೆಗೇ ತಿರುಗಿ ನೋಡಬೇಕು, ಹಾಗಿತ್ತು. ಗಟ್ಟಿಯಾಗಿ ಎರಡು ಸಲ ಓದಿಕೊಂಡೆ. ನನಗೇ ರೋಮಾಂಚನ.

ಮಾರನೆಯ ಮಧ್ಯಾಹ್ನ ಪತ್ರ ಹಿಡಿದು ಮೇಲೆ ಹೋದೆ. ಗೌರಮ್ಮ ಊಟದ ಡಬ್ಬಿ ಬಿಚ್ಚಿ ಬಡಿಸುತ್ತಿದ್ದಳು. ಮಂಜುಳ ಮುದ್ದೆ ಮುಟ್ಟದೆ ಕೂತಿದ್ದಳು.

"ಯಾಕವ್ವಾ, ಮೊಕ ಇಂಗ್ ಮಾಡ್ಕಂಡಿದ್ದೀಯೆ?" ಎಂದಳು ಗೌರಮ್ಮ.

"ಅವ್ವಾ, ಅವ್ರ ಸಾಮಾನ್ಗೆಲ್ಲ ಒಂದೊಂದು ಅಳೇ ಎಸ್ರು ಅದೆ. ನಾನು ಒಸ ಎಸ್ರು ಕೊಟ್ಟು, ಅಳೇದ್ಕೂ ಒಸದ್ಕೂ ಒಂದೊಂದಾಗಿ ಸೇರಿಸ್ದೆ. ನೀನು ಕೆಚ್ತೀಯಲ್ಲ, ಅಂಗೆ."

"ಸರಿ. ಆಮೇಕೆ?"

"ಆಮೇಕೇನು? ಎರಡೂ ಅಂಗೇ ಅವೆ. ರೂಢಿಯಾಗಗಂಟ ಇರ್ಲಿ ಅಂತ ಬುಟ್ಟಿವ್ನಿ."

ಗೌರಮ್ಮ ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು. "ಕೆಚ್ಚಾದ್ಮೇಲೆ ಅಳೇ ಹಾಸ್ನ ಕುಯ್ಲಿಲ್ವಾ?"

"ಕುಯ್ಯದಾ?"

"ಅಯ್ಯೋ ನನ್ ಕಂದಾ! ಕೆಚ್ಚಿದ ಗಂಟೆಲ್ಲ ಮಗ್ಗದ ಹಣಿಗೆ ದಾಟಗಂಟ ಎಳ್ಕಂಡು, ಒಸ ಎಳೆ ಈಚೆಗ್ ಬಂದ್ಮೇಲೆ ಅಳೇದ್ನ ಕತ್ರೀಲಿ ಕುಯ್ದು ತಗೀಬೇಕು ಕಣವ್ವ. ಎರಡು ಹಾಸೂ ಕೂತ್ಕಂಡ್ರೆ ಮಗ್ಗ ನಡೀತದಾ?"

"ನೀನು ಅದ್ನ ಯಾವತ್ತೂ ತೋರಿಸ್ಲಿಲ್ಲ."

"ನೀನು ಎಲ್ಲಿದ್ದೆ? ಬೆಲ್ ಹೊಡಿಯೋ ವತ್ಗೆ ನಾನೇ ಓಡುಸ್ಬುಡ್ತಿದ್ನಲ್ಲ ಇಸ್ಕೂಲ್ಗೆ."

ಕೆಚ್ಚುವುದು ಬೆಳಗಿನ ಕೆಲಸ, ಕತ್ತರಿಸುವುದು ಮಧ್ಯಾಹ್ನದ್ದು. ಈ ಮಗು ಅವ್ವನ ಕಸುಬನ್ನು ದಿನಾ ನೋಡಿದ್ದು ಶಾಲೆಯ ಗಂಟೆಯವರೆಗೆ ಮಾತ್ರ. ಹಳೇ ಎಳೆಯನ್ನು ಕೈಬಿಡದೆ ಹಿಡಿಯುವುದು ಕಲಿತಳು, ಅದನ್ನು ಯಾವಾಗ ತೆಗೆಯಬೇಕು ಎಂಬುದನ್ನು ಕಲಿಯುವ ಹೊತ್ತಿಗೆ ಶಾಲೆಯಲ್ಲಿದ್ದಳು. ಅಲ್ಲಿ ಪೋರ್ಚುಗಲ್ಲಿನಲ್ಲಿ ಗೇಟಿನವನು ಬಂದ ಚರ್ಮವನ್ನು ಹೊಸ ಹೆಸರಿನಲ್ಲಿ ತುಂಬುತ್ತಿದ್ದ. ಒಳಗೆ ತೆರೇಸಾ ಅದೇ ಚರ್ಮವನ್ನು ತನಗೆ ಗೊತ್ತಿದ್ದ ಹಳೇ ಹೆಸರಿನಲ್ಲಿ ಇನ್ನೊಮ್ಮೆ ತುಂಬುತ್ತಿದ್ದಳು. ಹಳೇ ಹೆಸರು, ಹೊಸ ಹೆಸರು, ಎರಡು ಬಾಗಿಲೂ ತೆರೆದಿದ್ದವು. ತೆರೆದಿಟ್ಟವಳು ಮಂಜುಳ.

ನಾನು ನಿಧಾನವಾಗಿ ಪತ್ರ ಮುಂದೆ ಚಾಚಿದೆ. ಈಗಲೂ ಏನೂ ಕೆಟ್ಟಿಲ್ಲ ಕಣಮ್ಮ, ಇದು ಹೋದರೆ ಯಾರಿಗೂ ತಿಳಿಯುವುದಿಲ್ಲ, ಆಮೇಲೆ ಸದ್ದಿಲ್ಲದೆ ಸರಿ ಮಾಡಿಬಿಡು ಎಂದೆ. ಹೌದು, ಹಾಗೆಂದವನು ನಾನೇ. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಬೇಕೆಂದು ಬೋರ್ಡಿನ ಮೇಲೆ ಬರೆಸಿದವನು.

ಅವಳು ಪೂರ್ತಿ ಓದಿದಳು. "ಸಾ, ಯಳಂದೂರಲ್ಲಿ ನನ್ ಮ್ಯಾಲೂ ಇಂಗೇ ಬರ್ದಿದ್ರು," ಎಂದಳು. "ಇಷ್ಟೇ ಚೆನ್ನಾಗಿತ್ತು ಇಂಗ್ಲೀಷು."

ಆ ಮಾತು ಅವಳು ಚುಚ್ಚಬೇಕೆಂದು ಆಡಿದ್ದಲ್ಲ. ಅದಕ್ಕೇ ಇನ್ನೂ ಹೆಚ್ಚು ಚುಚ್ಚಿತು. ಪೆನ್ನು ತೆಗೆದು ನನ್ನ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದಳು. ಆಮೇಲೆ ಕಂಪ್ಯೂಟರಿನಲ್ಲಿ ತಾನೇ ಬರೆದಳು, ಮೂರೇ ಸಾಲು. ನನ್ನ ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಈ ತಪ್ಪು ನನ್ನದು, ತೆರೇಸಾ ಅವರದಲ್ಲ. ಹೊಸ ಹೆಸರು ಕೊಟ್ಟ ಮೇಲೆ ಹಳೇ ಹೆಸರನ್ನು ನಾನು ಮುಚ್ಚಲಿಲ್ಲ, ಅದಕ್ಕೇ ಒಂದೇ ಚರ್ಮ ಎರಡು ಸಲ ಬಂತು. ಬರುವ ಗುರುವಾರದೊಳಗೆ ಮುಚ್ಚಿ, ತೆರೇಸಾ ಅವರ ಜೊತೆ ಕೂತು ಒಂದೊಂದಾಗಿ ಎಣಿಸಿ ತೋರಿಸುತ್ತೇನೆ.

"ಕೆಲಸ ಹೋಗುತ್ತದೆ ಕಣಮ್ಮ," ಎಂದೆ.

"ಓದ್ರೆ ಓಯ್ತದೆ ಸಾ," ಎಂದಳು. ಬೂದಿ ಡಬ್ಬಿಗೆ ಬೆರಳದ್ದಿ, ಒರೆಸಿಕೊಂಡು, ಗುಂಡಿ ಒತ್ತಿದಳು. ಗೌರಮ್ಮನಿಗೆ ಏನು ಅರ್ಥವಾಯಿತೋ, ಬಂದು ಮಗಳ ತಲೆ ಸವರಿ, "ಈಗ ಉಣ್ಣು," ಎಂದಳು.

ಸಂಜೆಯೊಳಗೆ ಮ್ಯಾನೇಜರಿನ ಫೋನು ಬಂತು. ಮುಖ್ಯಸ್ಥೆಯ ಸ್ಥಾನ ಹೋಯಿತು. ಬೇರೊಬ್ಬನ ಕೈಕೆಳಗೆ ಅದೇ ಕೆಲಸ ಮಾಡಬೇಕು ಎಂದರು. ಮಂಜುಳ ಕೆಳಗಿಳಿದು ಬಂದು ಅಡುಗೆಮನೆಯಲ್ಲಿ ಸರೋಜಳ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ನಾನು ಹಜಾರದಲ್ಲಿ ಪೇಪರ್ ಓದುವವನ ಹಾಗೆ ಕೂತಿದ್ದೆ, ಒಂದಕ್ಷರವೂ ಕಾಣಿಸಲಿಲ್ಲ. ಅತ್ತು ಮುಗಿಸಿ ಮುಖ ತೊಳೆದುಕೊಂಡು ಮತ್ತೆ ಮೆಟ್ಟಿಲು ಹತ್ತಿದಳು, ಹಳೇ ಹೆಸರುಗಳನ್ನು ಒಂದೊಂದಾಗಿ ಮುಚ್ಚುವುದಕ್ಕೆ. ಮಾರನೆಯ ದಿನ ಒಂದು ದಿನದ ಮಟ್ಟಿಗೆ ರಜ ಹಾಕಿ, ಅವ್ವ ಕೆಚ್ಚುತ್ತಿದ್ದ ಮನೆಗೆ ಹೋಗಿ ಬೆಳಗಿನಿಂದ ಕತ್ತರಿ ಆಡುವ ಹೊತ್ತಿನವರೆಗೂ ನೆಲದ ಮೇಲೆ ಕೂತು ನೋಡಿ ಬಂದಳಂತೆ. ಇದನ್ನು ಗೌರಮ್ಮ ಹೇಳಿದಳು, ಹೇಳುವಾಗ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಗುರುವಾರ ಬಂತು. ಚರ್ಮ ಎಣಿಸಬೇಕು. ಪರದೆಯ ಮೇಲೆ ಹೊಸ ಮುಖ್ಯಸ್ಥ ಕಾಣಿಸಿಕೊಂಡಾಗ ತೆರೇಸಾ ನೋಟ್‌ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡು ಕೂತುಬಿಟ್ಟಳಂತೆ. ಮಂಜುಳ ಬರಲಿ, ಅವಳ ಜೊತೆಯಾದರೆ ಎಣಿಸುತ್ತೇನೆ, ನನ್ನ ಹೆಸರು ಉಳಿಸಿದವಳು ಅವಳು ಎಂದಳಂತೆ. ಅಲ್ಲಿಯ ದೊಡ್ಡವರು ಬಂದು ಕೇಳಿದರೂ ಅದೇ ಮಾತು. ಕೊನೆಗೆ ಮಂಜುಳಳನ್ನೇ ಕೂರಿಸಿದರು. ಇಬ್ಬರೂ ಸೇರಿ ಎಣಿಸಿದರು. ಸ್ಟೋರಿನ ಚರ್ಮಕ್ಕೂ ಪರದೆಯ ಚರ್ಮಕ್ಕೂ ಒಂದು ತುಂಡಿನ ವ್ಯತ್ಯಾಸ ಇರಲಿಲ್ಲ. ಮಹಡಿಯಿಂದ ಕೇಳಿ ಬಂದ ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಆಮೇಲೆ ಆ ಕಂಪನಿಯವರು ಬೆಂಗಳೂರಿಗೆ ಬರೆದರು, ಇನ್ನು ಮುಂದೆ ನಮ್ಮ ಕೆಲಸವೆಲ್ಲ ಆ ಹೆಣ್ಣುಮಗಳ ಕೈಯಲ್ಲೇ ಆಗಲಿ ಎಂದು.

ಅಲ್ಲಿಂದಾಚೆಗೆ ಅವಳು ಹಿಂದೆ ತಿರುಗಿ ನೋಡಲಿಲ್ಲ. ಒಂದು ಕಂಪನಿ ಇನ್ನೊಂದಕ್ಕೆ ಹೇಳಿತು, ಆ ದೇಶ ಈ ದೇಶಕ್ಕೆ. ಈಗ ಹನೂರು ರಸ್ತೆಯಲ್ಲಿ ಅವಳದೇ ಆಫೀಸು, ಅಜ್ಜೀಪುರದ ಕಡೆಯ ಇಬ್ಬರು ಹೆಣ್ಣುಮಕ್ಕಳೂ ಅಲ್ಲಿ ಕೆಲಸ ಕಲಿತಿದ್ದಾರೆ. ಯಾವ ದೇಶದ ಕೆಲಸವಾದರೂ ಮೊದಲ ದಿನ ಅವರು ಸ್ಟೋರಿನವರ ಹತ್ತಿರ ಮಾತಾಡಬೇಕು, ಅವರ ನೋಟ್‌ಪುಸ್ತಕ ನೋಡಬೇಕು. ಅದು ಮಂಜುಳಳ ಕಟ್ಟಪ್ಪಣೆ. ನನಗೆ ಗೊತ್ತಿರುವ ಓದಿದವರಲ್ಲಿ ಇಷ್ಟು ಧೈರ್ಯದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಇನ್ನು ಆ ಪತ್ರದ ಕಥೆ. ಅದು ಹೇಗೆ ಹುಟ್ಟಿತು ಎಂದರೆ, ಒಂದು ಮದುವೆ ಮನೆಯಲ್ಲಿ ಯಾರೋ, "ಆ ಹುಡುಗಿಯ ಪತ್ರ ನೀವೇ ಬರೆದುಕೊಟ್ಟಿರಂತೆ?" ಎಂದು ಕೇಳಿದರು. ಬರೆದುಕೊಟ್ಟದ್ದು ನಿಜವೇ ತಾನೇ! "ಹೂಂ" ಎಂದೆ. ಅವಳು ಅದರ ಮೇಲೆ ಗೆರೆ ಎಳೆದುಬಿಟ್ಟಳು ಎಂಬುದನ್ನು ಊಟದ ಗಲಾಟೆಯಲ್ಲಿ ಹೇಳಲಿಲ್ಲ. ಮುಂದಿನ ಸಲ ಆ ಹೂಂಗೆ ಒಂದೆರಡು ವಾಕ್ಯ ಸೇರಿದವು. ಆಮೇಲೆ ಸಾಹುಕಾರರು ಕಣ್ಣೀರು ಹಾಕಿದರು. ಜನ ಮೆಚ್ಚಿ ತಲೆದೂಗಿದಷ್ಟೂ ಕಥೆ ಬೆಳೆಯಿತು. "ರೀ, ನೀವೇ ಬರೆದದ್ದು ಅಂತ ನೀವೇ ನಂಬಿಬಿಟ್ಟಿದ್ದೀರಲ್ಲ!" ಎಂದು ಸರೋಜ ಒಮ್ಮೆ ನಕ್ಕಳು. ನಾನು ಸಿಡುಕಿ ಬಾಯಿ ಮುಚ್ಚಿಸಿದೆ. ಇವತ್ತು ಬೂದಿ ಬಿದ್ದಿದ್ದ ಈ ಹಾಳೆಗಳಲ್ಲೂ ಅದೇ ಕಥೆ, ಮೂರನೆಯ ಪುಟದಲ್ಲಿ, ದಪ್ಪ ಅಕ್ಷರದಲ್ಲಿ. ಅವಳ ಕಸುಬಿಗೆಲ್ಲ ಬೆಲೆ ತಂದ ಒಂದೇ ಒಂದು ಗಳಿಗೆ ಅದು. ಅದನ್ನು ಅವಳ ಎದುರಿಗೇ, ಓದುವ ಮಕ್ಕಳ ಮುಂದೆ, ನನ್ನ ಜೇಬಿಗೆ ಇಳಿಸಲು ಹೊರಟಿದ್ದೆ.

ಫೋನ್ ಮಾಡಿದೆ.

"ಏಳಿ ಸಾ."

"ಒಂದು ತಪ್ಪಾಗಿದೆಯಮ್ಮ. ನನ್ನದೇ. ಆ ಪೋರ್ಚುಗಲ್ ಪತ್ರ ನಾನು ಬರೆದದ್ದು ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದೇನೆ."

ಆ ಕಡೆಯಿಂದ ನಗು. "ಗೊತ್ತು ಸಾ. ನಮ್ಮವ್ವನ ತಾವ್ಲೂ ಏಳಿದ್ದೀರಿ."

"ಅಯ್ಯೋ! ಮತ್ತೆ ಯಾಕಮ್ಮ ಸುಮ್ಮನಿದ್ದೆ?"

"ಏಳೋವಾಗ ಅಷ್ಟು ಖುಸಿಯಾಗಿರ್ತಿದ್ರಿ," ಎಂದಳು. ಆಮೇಲೆ, "ನನ್ ಪತ್ರದಂಗೇ ಎರಡು ಸಾಲು ಆಯ್ತು ಸಾ. ಮೂರ್ನೇದು?"

"ಶನಿವಾರ," ಎಂದೆ. "ಹನೂರಲ್ಲಿ. ಮೈಕಿನ ಮುಂದೆ."

ಅವಳು ನಗಲಿಲ್ಲ. "ಬೂದಿ ಡಬ್ಬಿ ನಿಮ್ ತಾವೇ ಅದೆ ಅಲ್ವಾ ಸಾ? ಬರೋವಾಗ ತಕ್ಕಂಡ್ ಬನ್ನಿ," ಎಂದಷ್ಟೇ ಹೇಳಿ ಫೋನಿಟ್ಟಳು.

ಕನ್ನಡಕ ಎಲ್ಲಿತ್ತು ಗೊತ್ತೇ? ತಲೆಯ ಮೇಲೆ. ಇಳಿಸಿ ಹಾಕಿಕೊಂಡೆ. ಹಾಳೆಗಳ ಮೇಲಿನ ಬೂದಿಯನ್ನು ಒಟ್ಟುಮಾಡಿ ಡಬ್ಬಿಗೆ ತುಂಬಿದೆ. ಪೆನ್ನು ತೆಗೆದು, ನನ್ನ ಭಾಷಣದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದೆ. ಹೊಸ ಹಾಳೆ ತೆಗೆದು ಮೊದಲ ಸಾಲು ಬರೆದೆ: ಆ ಪತ್ರ ಬರೆದವಳು ಮಂಜುಳ, ನಾನಲ್ಲ.